ಹುಚ್ಚ ಬಡಿಗ ಕೊರೆದ ಓರೆ ಮೆಟ್ಟಿಲು

ಇವತ್ತು ಸಿಂದಗಿಯ ಸಾಮಿಲ್ ಎದುರು ಹಸಿ ಬೇವಿನ ಹೊಟ್ಟಿನ ಘಾಟು ಮೂಗಿಗೆ ಬಡಿಯಿತು. ಅದು ಅಪ್ಪನ ಅಂಗಿಯ ವಾಸನೆ.

ಅಪ್ಪ ನಾಲತವಾಡದಲ್ಲಿ ಬಡಿಗ. ನಾನು ಸಾಲೆಯಲ್ಲಿದ್ದಾಗ ಒಮ್ಮೆ ಡ್ರಾಯಿಂಗ್ ಮಾಸ್ತರರು ಮೆಟ್ಟಿಲಿನಾಕಾರದ ಕಟ್ಟಿಗೆ ಮಾದರಿ ತರಲು ಹೇಳಿದ್ದರು. ಅದನ್ನು ಐಸೊಮೆಟ್ರಿಕ್‌ನಲ್ಲಿ, ಅಂದರೆ ಮೂರೂ ಮೈ ಒಟ್ಟಿಗೆ ಕಾಣುವಂತೆ ಓರೆ ಗೆರೆಗಳಲ್ಲಿ, ಕೈಯಿಂದಲೇ ಬರೆದು ಅಪ್ಪನಿಗೆ ಕೊಟ್ಟೆ. "ಥೇಟ್ ಹಿಂಗ ಬೇಕಪಾ, ಒಂದ್ ಗೆರಿನೂ ಹೆಚ್ಚುಕಡಿಮಿ ಆಗಬಾರದು" ಎಂದೆ. ಅಂಥ ಚಿತ್ರವನ್ನು ಅವನು ಹಿಂದೆಂದೂ ನೋಡಿರಲಿಲ್ಲ; ಗೆರೆ ಓರೆಯಿದ್ದರೂ ಕಟ್ಟಿಗೆ ನೇರವೇ ಇರಬೇಕೆಂದು ಅವನಿಗೆ ತಿಳಿಯಲಿಲ್ಲ. ಎರಡು ದಿನ ಕೂತು ನನ್ನ ಒಂದೊಂದು ಗೆರೆಯನ್ನೂ ಅಳೆದು, ಕಟ್ಟಿಗೆಯನ್ನೂ ಅಷ್ಟೇ ಓರೆಯಾಗಿ ಕೊರೆದ. ತಾನೇ ಸಾಲೆಯವರೆಗೆ ಹೊತ್ತು ತಂದು ನನ್ನ ಕೈಗೆ ಕೊಟ್ಟು, ಮಾಸ್ತರರು ಏನೆನ್ನುತ್ತಾರೋ ಕೇಳಲು ಬಾಗಿಲ ಮರೆಯಲ್ಲೇ ನಿಂತ.

ಮಾಸ್ತರರು ಅದನ್ನು ಎತ್ತಿ ಹಿಡಿದರು. "ಯಾವ ಹುಚ್ಚ ಬಡಿಗ್ಯಾ ಮಾಡಿಕೊಟ್ಟಾನ ಇದನ್ನ?"

ಕ್ಲಾಸೆಲ್ಲ ಗೊಳ್ಳೆಂದಿತು.

"ಗೊತ್ತಿಲ್ರಿ ಸರ್" ಎಂದು ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ.

ಸಂಜೆ ಅಪ್ಪ ಹೇಳಿದ್ದು ಇಷ್ಟೇ: "ನೀ ಬರದಂಗ ಕೊರದಿದ್ನೆವಾ."

ಈಗ ನಾನೇ ಡ್ರಾಯಿಂಗ್ ಕಲಿಸುತ್ತೇನೆ. ಪ್ರತಿ ವರ್ಷ ಮೊದಲ ಪಾಠಕ್ಕೆ ಆ ಹುಚ್ಚ ಬಡಿಗನ ಕಥೆ ಹೇಳಿ ಹುಡುಗರನ್ನು ನಗಿಸುತ್ತೇನೆ.

"ಯಾರ್ರಿ ಮೇಡಂ ಅಂವ?" ಎಂದು ಇವತ್ತೂ ಒಬ್ಬಳು ಕೇಳಿದಳು.

ಗೊತ್ತಿಲ್ಲ ಎಂದೆ.