ಸತ್ತ ಡಿಸ್ಕಿನೊಳಗಿನ ಕೌದಿಗಳು

“ಸರ, ಡಿಸ್ಕ್ ಸತ್ತದ್ರಿ. ಮೇಡಂ ಅವ್ರಿಗಿ ನೀವಾ ಸಮಾಧಾನ ಹೇಳ್ರಿ.”

ಜೇವರ್ಗಿಯ ಕಂಪ್ಯೂಟರ್ ಅಂಗಡಿಯಾತ ಇದನ್ನು ಹೇಳಿದ್ದು ನನ್ನ ಗಂಡನಿಗೆ. ಲ್ಯಾಪ್‌ಟಾಪ್ ನನ್ನದು. ಡಿಸ್ಕ್ ನನ್ನದು. ಅವನೆದುರು ಕುರ್ಚಿಯಲ್ಲಿ ಕೂತವಳೂ ನಾನೇ. ನಮ್ಮವರು, ಪಾಪ, ಬೈಕ್ ಓಡಿಸಿಕೊಂಡು ಬಂದವರು.

ನಡೆದದ್ದಿಷ್ಟು. ನನ್ನ ಹಳೆಯ ಲ್ಯಾಪ್‌ಟಾಪ್ ಆನ್ ಆಗುವಷ್ಟರಲ್ಲಿ ಹಿಟ್ಟು ನಾದಿ ನಾಲ್ಕು ರೊಟ್ಟಿ ಬಡಿದು ಬರಬಹುದಿತ್ತು. ದಸರೆಗೆ ಮುಂಚೆ ಇದೇ ಅಂಗಡಿಯಲ್ಲಿ ಅದಕ್ಕೆ ವೇಗದ ಹೊಸ ಡಿಸ್ಕ್, ಎಸ್‌ಎಸ್‌ಡಿ, ಹಾಕಿಸಿದೆ. ಹಳೆಯ ಹಾರ್ಡ್ ಡಿಸ್ಕನ್ನು ಡಿವಿಡಿ ಇದ್ದ ಜಾಗದಲ್ಲಿ ಕೂಡಿಸಬಹುದು, ಅದಕ್ಕೊಂದು ಫ್ರೇಮ್ ಬೇಕು, ಬರಲು ಎರಡು ವಾರ ಎಂದ. ಅಲ್ಲಿಯತನಕ ಡಿಸ್ಕ್ ನಮ್ಮ ಮನೆಯಲ್ಲಿತ್ತು. ಫ್ರೇಮ್ ಬಂತು, ಕೂಡಿಸಿದ. ಹೊಸದು ಕಾಣಿಸಿತು, ಹಳೆಯದರ ಸುಳಿವೇ ಇಲ್ಲ. ಎರಡು ಸಲ ರೀಸ್ಟಾರ್ಟ್ ಮಾಡಿದ. ತೀರ್ಪು ಕೊಟ್ಟುಬಿಟ್ಟ.

ಒಳಗೇನಿತ್ತು ಗೊತ್ತಾ? ಕೌದಿಗಳು.

ನಾನು ಕಲಿಸುವ ಶಾಲೆಗೆ ರಜೆ ಸಿಕ್ಕಾಗಲೆಲ್ಲ ಬಸ್ ಹತ್ತಿ, ಆಳಂದದ ಕಡೆಯ ಹಳ್ಳಿಗಳಿಂದ ಕರಜಗಿ, ಮಣ್ಣೂರಿನತನಕ ತಿರುಗಿ ಏಳು ವರ್ಷ ತೆಗೆದ ಕೌದಿಗಳ ಫೋಟೋ. ಒಂದೊಂದರ ಜೊತೆಗೂ ಹೊಲಿದವಳ ಹೆಸರು, ಯಾರ ಸೀರೆ, ಯಾರ ಧೋತರ ಸೇರಿದೆ ಎಂಬ ವಿವರ. ಆ ಹೆಂಗಸರ ಹೆಸರನ್ನು ರೇಷನ್ ಕಾರ್ಡಿನಲ್ಲಿ ಬಿಟ್ಟರೆ ಯಾರೂ ಎಲ್ಲೂ ಬರೆದಿಟ್ಟಿಲ್ಲ. (ಬ್ಯಾಕಪ್ ಯಾಕಿರಲಿಲ್ಲ ಎಂದು ಕೇಳಬೇಡಿ. ನಿಮ್ಮದಿದೆಯಾ?)

“ಫೋಟೋ ಅಲ್ಲೇನ್ರಿ? ಮತ್ತ ತೆಗದ್ರಾತು,” ಎಂದ ಅಂಗಡಿಯಾತ.

ಹೇಗೆ ತೆಗೆಯಲಿ? ಮಣ್ಣೂರಿನ ಒಂದು ಕೌದಿ, ಭೀಮೆಯ ನೀರು ಮನೆಗೆ ನುಗ್ಗಿದಾಗ ಹೋಯಿತು. ಕರಜಗಿಯ ಒಂದನ್ನು ಹೊಲಿದವರು ನಮ್ಮ ಅತ್ತೆಯ ಅಕ್ಕ ನೀಲಮ್ಮ. ಅವರು ತೀರಿಕೊಂಡಾಗ ಆ ಕೌದಿಯನ್ನೂ ಅವರ ಜೊತೆ ಮಣ್ಣಿಗೆ ಕಳಿಸಿದರು.

“ಡಿಸ್ಕ್ ಹೊರಗ ತೆಗದು ಒಮ್ಮಿ ನೋಡ್ರೆಲ್ಲ?” ಎಂದೆ.

“ತೆಗದು ಏನ್ ನೋಡೂದ್ರಿ? ಸ್ಕ್ರೀನ್ ಮ್ಯಾಲ ಬರಲಿಲ್ಲಂದ್ರ ಹೋತು. ಸರ, ನೀವರ ತಿಳಿಸಿ ಹೇಳ್ರಿ.”

ನನಗೆ ಮೈಯೆಲ್ಲ ಉರಿದುಹೋಯಿತು. ಲ್ಯಾಪ್‌ಟಾಪ್ ಎತ್ತಿಕೊಂಡು ಮನೆಗೆ ಬಂದೆ.

“ಕಲಬುರಗಿಗಿ ಒಯ್ಯೋಣು, ನೀ ಬಿಚ್ಚಬ್ಯಾಡ,” ಎಂದರು ನಮ್ಮವರು.

“ಸತ್ತದ ಅಂದಮ್ಯಾಲ ನಾ ಬಿಚ್ಚಿದ್ರ ಇನ್ನೇನ್ ಸಾಯ್ತದ್ರಿ?”

ಮೊಬೈಲ್‌ನಲ್ಲಿ ವಿಡಿಯೋ ನೋಡುತ್ತ ಬ್ಯಾಟರಿ ತೆಗೆದೆ, ಸ್ಕ್ರೂ ಬಿಚ್ಚಿದೆ, ಡಿಸ್ಕ್ ಹೊರಗೆಳೆದೆ. ಕನೆಕ್ಟರ್‌ಗೆ ಟಾರ್ಚ್ ಹಿಡಿದರೆ, ಬಂಗಾರದ ಬಣ್ಣದ ಸಣ್ಣ ಪಟ್ಟಿಗಳ ಮೇಲೆ ಬೆಳ್ಳಗೆ ಏನೋ ಒಣಗಿ ಕೂತಿದೆ. ಉಗುರಿನಿಂದ ಕೆರೆದೆ. ಮೂಸಿದೆ.

ವಿಭೂತಿ!

“ನಾನಾ ಹಚ್ಚೀನಿ,” ಎಂದರು ಅತ್ತೆ, ಅಡುಗೆಮನೆಯ ಬಾಗಿಲಲ್ಲಿ ನಿಂತು. “ದಸರಿ ಖಂಡೆ ಪೂಜಿ ದಿನ. ಹೊಲಿಗಿ ಮಷೀನಿಗಿ ಹಚ್ತೇನಿ, ಕತ್ತರಿಗಿ ಹಚ್ತೇನಿ. ಇದೇನ್ ದುಡದಿಲ್ಲೇನು? ಇಷ್ಟು ಮಂದಿ ಹೆಣ್ಮಕ್ಕಳ ಹೆಸರು ಹೊತ್ತು ಕುಂತದ. ಮ್ಯಾಲಿಂದೆಲ್ಲ ಆಮ್ಯಾಲ ಸೆರಗಿಲೆ ಒರಸೀನಲ್ಲ!”

ಬೈಯಲು ಮನಸ್ಸು ಬರಲಿಲ್ಲ. ನನ್ನ ಕೆಲಸವನ್ನೂ ಕೆಲಸ ಎಂದು ಈ ಮನೆಯಲ್ಲಿ ಪೂಜೆಗಿಟ್ಟವರು ಅವರೊಬ್ಬರೇ.

“ಅದಕ್ಕಾ ಬಂದ್ ಬಿದ್ದದ್ರಿ ಅತ್ತಿ,” ಎಂದೆ ಮೆಲ್ಲಗೆ.

ಅವರ ಮುಖ ಸಣ್ಣದಾಯಿತು. ಒಂದೇ ಗಳಿಗೆ. “ಹಂಗಾದ್ರ ನಾನಾ ಸಾಫ್ ಮಾಡ್ತೇನಿ, ತಾ ಇಲ್ಲಿ.”

ಚಷ್ಮಾ ಏರಿಸಿ, ಹೊಲಿಗೆ ಮಷೀನಿನ ಸಣ್ಣ ಬ್ರಷ್ ಹಿಡಿದು ಕೂತರು. ಸೂಜಿಯ ಕೆಳಗಿನ ನೂಲಿನ ಕಸ ತೆಗೆಯುವ ಕೈ ಅದು. “ನೀರು ಹಚ್ಚಬ್ಯಾಡ್ರಿ,” ಎಂದೆ. “ನನಗ ಕಲಸ್ತಿ ಏನ್ ಬೇ? ಮಷೀನಿಗಿ ಯಾರರ ನೀರು ಹಚ್ತಾರೇನು?” (ಆವತ್ತು ವಿಭೂತಿ ಕಲಸಿದ್ದು ಏತರಲ್ಲಿ ಎಂದು ನಾನು ಕೇಳಲಿಲ್ಲ.)

ಕೂಡಿಸಿದೆ. ಆನ್ ಮಾಡಿದೆ. ಪರದೆಯ ಮೇಲೆ ಎರಡನೆಯ ಡಿಸ್ಕ್! ಮೊದಲು ಕರಜಗಿಯ ಫೋಲ್ಡರ್ ತೆರೆದೆ. ಕೆಂಪು-ಕಪ್ಪು ಚೌಕಗಳ ಕೌದಿ, ಕೆಳಗೆ ಹೆಸರು. ಅತ್ತೆ ಒಂದೊಂದೇ ಅಕ್ಷರ ಕೂಡಿಸಿ ಓದಿದರು.

“ನೀಲಕ್ಕ ಅದಾಳ,” ಎಂದರು.

ನಾನು ಅತ್ತುಬಿಟ್ಟೆ. ಆಮೇಲೆ ಎದ್ದು ಎಲ್ಲದಕ್ಕೂ ಮೂರು ಕಾಪಿ ಮಾಡಿದೆ.

ಸೋಮವಾರ ಒಬ್ಬಳೇ ಅಂಗಡಿಗೆ ಹೋಗಿ ಲ್ಯಾಪ್‌ಟಾಪ್ ತೆರೆದು ಮುಂದಿಟ್ಟೆ. ಆತ ನನ್ನ ಬೆನ್ನ ಹಿಂದೆ ಹುಡುಕಿದ. “ಸರ ಬಂದಿಲ್ಲೇನ್ರಿ?”

ಬಂದಿಲ್ಲ ಎಂದೆ. ವಿಭೂತಿಯ ಕಥೆ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕ. “ಹಳೀ ಮಂದೀದು ಮೂಢನಂಬಿಕಿ ನೋಡ್ರಿ ಮೇಡಂ!”

“ಹೌದ್ರಿ. ಆದ್ರ ನಮ್ಮತ್ತಿ ತಪ್ಪು ಒಪ್ಕೊಂಡು ಬ್ರಷ್ ಹಿಡದ್ರು. ನೀವು ಬಿಚ್ಚಿ ನೋಡಲಾರದ ಸತ್ತದ ಅಂತ ನಂಬಿದ್ರಲ್ಲ, ಅದಕ್ಕೇನಂತಾರ್ರಿ?”