ನನ್ನ ಏಟಿಗೆ ಹೊರಟ ಬಸ್ಸು

ಇವತ್ತು ಬೆಳಿಗ್ಗೆ ಕೆರಗೋಡಿನ ಬಸ್ಸು ಹೊರಡಿಸಿದ್ದು ನಾನು ಕಣ್ರಪ್ಪೋ!

ಯೂಟ್ಯೂಬ್ ನೋಡಿ ಡ್ರಮ್ಸ್ ಕಲಿಯುತ್ತಿದ್ದೇನಲ್ಲ, ಸೀಟಿನಲ್ಲಿ ಕೂತು ಇಯರ್‌ಫೋನ್ ಸಿಕ್ಕಿಸಿಕೊಂಡು, ಕಿಟಕಿಯಾಚೆ ಕೈ ಚಾಚಿ, ನಿಂತಿದ್ದ ಬಸ್ಸಿನ ತಗಡಿನ ಮೇಲೆ ಹೊಸ ಪಾಠ ಶುರು ಮಾಡಿದೆ. ಎರಡು ಏಟು ಬಿದ್ದದ್ದೇ ತಡ, ಕಂಡಕ್ಟರೇ ಬಡಿದನೆಂದುಕೊಂಡು ಡ್ರೈವರ್ ಹೊರಟೇಬಿಟ್ಟ. ಕಂಡಕ್ಟರ್ ಇನ್ನೂ ಟೀ ಅಂಗಡಿಯಲ್ಲಿದ್ದ!

ಲೋಟ ಹಿಡಿದುಕೊಂಡೇ ಓಡಿಬಂದು ಹತ್ತಿದವನು, "ಯಾವನ್ಲಾ ಬಡ್ದೋನು?" ಎಂದು ಕೂಗಿದ. ಎಲ್ಲರೂ ನನ್ನತ್ತ ಕೈ ತೋರಿಸಿದರು.

"ಡ್ರಮ್ಸ್ ಕಲೀತಾ ಇವ್ನಿ ಕಣಣ್ಣೋ," ಎಂದೆ.

"ಒಂದು ಬಡುದ್ರೆ ನಿಲ್ತದೆ, ಎಲ್ಡು ಬಡುದ್ರೆ ಓಯ್ತದೆ. ನೀನು ಮೂರ್ರಿಂದ ಸುರು ಮಾಡ್ಕೊ!"

ನಾನು ಬಾರಿಸಿದರೆ ಮನೆಯಲ್ಲಿ ಒಬ್ಬರ ತಲೆಯೂ ಅಲ್ಲಾಡುವುದಿಲ್ಲ. ಇವತ್ತು ತುಂಬಿದ ಬಸ್ಸೇ ಕದಲಿತು.