ಎರಡನೆಯ ಟೇಕ್

ಹೋದ ವಾರ, ಇಲ್ಲಿ ಕೊಲ್ಲಿನಾಡಿನಲ್ಲಿ, ಸನದ್‌ನ ನಮ್ಮ ಮನೆಯ ಎಸಿ ಕೆಟ್ಟು ನಿಂತಿತು. ಆಗಸ್ಟ್ ತಿಂಗಳು. ರಿಪೇರಿಯವನು ನಾಳೆ ಬರುತ್ತೇನೆಂದ. ಎಸಿ ನಿಂತು ಸ್ವಲ್ಪ ಹೊತ್ತಾದರೆ ಕೋಣೆಯಿಂದ ಒಂದು ವಾಸನೆ ಏಳುತ್ತದೆ. ಇಲ್ಲಿ ಬೇಸಿಗೆ ಕಳೆದವರಿಗೆಲ್ಲ ಗೊತ್ತಿರುವ ವಾಸನೆ. ಕಾರ್ಪೆಟ್ಟಿನ ಅಡಿಯ ಅಂಟು, ಗೋಡೆಯ ಬಣ್ಣ, ಪರದೆಯಲ್ಲಿ ಕೂತ ಮರಳಧೂಳು, ಎಂದೋ ಹುರಿದ ಮೀನು, ಎಲ್ಲ ಒಟ್ಟಿಗೆ ಬೆಚ್ಚಗಾಗಿ... ಹೆಂಡತಿ ಮಗಳನ್ನು ಕರೆದುಕೊಂಡು ಮಾಲ್‌ಗೆ ಹೋದಳು. ನಾನು ಹೋಗಲಿಲ್ಲ. ಬೆವರುತ್ತ ಸೋಫಾದ ಮೇಲೆ ಕೂತೆ. ಆ ವಾಸನೆಯ ಜೊತೆಗೆ ಮನಾಮದ ಮಾಹೂಝ್ ಬಡಾವಣೆಯ ಒಂದು ಮೂರನೇ ಮಹಡಿಯ ಹಾಲ್ ಬಂತು, ಅದರ ನಡುವೆ ಒಂದು ಮೈಕು, ಮೈಕಿನ ಸುತ್ತ ಚಪ್ಪಾಳೆ ತಟ್ಟುತ್ತ ತಿರುಗುವ ಒಬ್ಬ ಮನುಷ್ಯ.

ನೆನಪು ಹೀಗೆ ಇಡಿಯಾಗಿ ಬಂದು ನಿಂತರೆ ನನಗೆ ಅನುಮಾನ. ಆದರೂ ಬರೆಯುತ್ತೇನೆ.

ಆ ಚಪ್ಪಾಳೆಯವರು ಆಗ ನಮ್ಮ ಮೇಲಿನ ಮನೆಯವರು. ಎರಡು ಸಾವಿರದ ಈಚಿನ ಮೊದಲ ವರ್ಷಗಳು ಅವು. ನಾನಿನ್ನೂ ಮದುವೆಯಾಗದೆ ಸಹೋದ್ಯೋಗಿಯೊಬ್ಬನ ಜೊತೆ ಎರಡನೇ ಮಹಡಿಯಲ್ಲಿದ್ದೆ. ಅವರನ್ನು ಸಾರ್ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಅಕ್ಕ ಎನ್ನುತ್ತಿದ್ದೆ. ಅಕ್ಕ ಇದಕ್ಕೆ ನಗುತ್ತಿದ್ದರು. "ನನಗೆ ನೀವು ತಮ್ಮ, ಇವರಿಗೆ ಆಫೀಸಿನ ಪ್ಯೂನ್. ಎಂತ ಸಂಬಂಧ ಮಾರಾಯ್ರೆ ಇದು?"

ಸಾರ್ ಮೈಸೂರಿನವರು. ಸಮುದ್ರಕ್ಕೆ ಮರಳು ತುಂಬಿಸಿ ನೆಲ ಮಾಡುವ ಕಂಪನಿಯೊಂದರಲ್ಲಿ ದೊಡ್ಡ ಎಂಜಿನಿಯರ್. ಅಕ್ಕ ಕುಂದಾಪುರದ ಕಡೆಯವರು, ದೇವರನಾಮಗಳನ್ನು ಬಹಳ ಚೆನ್ನಾಗಿ ಹಾಡುತ್ತಿದ್ದರು. ನಾನು ಪುತ್ತೂರಿನವನು, ಹಗಲು ಜಾಹೀರಾತು ಕಂಪನಿಯ ಕೆಲಸ, ಕೈಯಲ್ಲಿ ಊರಿನ ಭಜನೆಯಲ್ಲಿ ಕಲಿತ ಒಂದಿಷ್ಟು ತಬಲಾ. ಅಕ್ಕನಿಗೆ ತಬಲಾ ನುಡಿಸುವವನೊಬ್ಬ ಬೇಕಿತ್ತು. ಹಾಗೆ ಆ ಮನೆಗೆ ಹೋಗತೊಡಗಿದೆ.

ಅವರ ಹಾಲ್‌ನ ಒಂದು ಗೋಡೆ ಪೂರ್ತಿ ಹಳೆಯ ಜಾಝ್ ರೆಕಾರ್ಡುಗಳು. ಆ ಸಂಗೀತ ನನಗೆ ಅರ್ಥವಾಗುತ್ತಿರಲಿಲ್ಲ. ಅವರಿಗೆ ಎಷ್ಟು ಅರ್ಥವಾಗುತ್ತಿತ್ತೋ ಅದೂ ಗೊತ್ತಿಲ್ಲ, ಏಕೆಂದರೆ ಅವರು ಸಂಗೀತದ ಬಗ್ಗೆ ಮಾತಾಡಿದ್ದು ಕಡಿಮೆ, ಅದು ರೆಕಾರ್ಡಾದ ಕೋಣೆಯ ಬಗ್ಗೆ ಮಾತಾಡಿದ್ದೇ ಹೆಚ್ಚು. ಕೆಲವು ಆಲ್ಬಮ್‌ಗಳು ಯಾರದೋ ಮನೆಯ ಹಾಲ್‌ನಲ್ಲಿ ಆದವಂತೆ, ಕೆಲವು ಪ್ರಾರ್ಥನೆ ನಿಂತುಹೋದ ಹಳೆಯ ಚರ್ಚಿನಲ್ಲಿ. ಐದಾರು ಜನ ಒಬ್ಬರಿಗೊಬ್ಬರು ಕಾಣುವ ಹಾಗೆ ಒಂದೇ ಕೋಣೆಯಲ್ಲಿ ನಿಂತು, ಏನು ನುಡಿಸಬೇಕೆಂದು ಆಗಷ್ಟೇ ತಿಳಿದುಕೊಂಡು, ಒಂದು ಮಧ್ಯಾಹ್ನದೊಳಗೆ ಅರ್ಧ ಆಲ್ಬಮ್ ಮುಗಿಸಿಬಿಡುತ್ತಿದ್ದರಂತೆ. ಯಾರ ವಾದ್ಯ ಜೋರೋ ಅವರು ಹಿಂದೆ, ಯಾರದು ಮೆಲ್ಲಗೋ ಅವರು ಮೈಕಿನ ಹತ್ತಿರ. ತನ್ನ ಸರದಿ ಬಂದಾಗ ಒಂದು ಹೆಜ್ಜೆ ಮುಂದೆ ಬರಬೇಕು, ಮುಗಿದ ಮೇಲೆ ಹಿಂದೆ ಸರಿಯಬೇಕು. ನಿಂತ ಜಾಗದಿಂದಲೇ ಎಲ್ಲ ಹದವಾಗಬೇಕು, ಆಮೇಲೆ ಒಬ್ಬರದನ್ನು ಮಾತ್ರ ತಿದ್ದುವ ಹಾಗಿಲ್ಲ. ಡ್ರಮ್ಮಿನವನ ಸುತ್ತ ಅಡ್ಡತೆರೆ ಇಟ್ಟರೂ ಅವನ ಸದ್ದು ಪಿಯಾನೋದ ಮೈಕಿಗೆ ಸೋರಿಬಿಡುತ್ತಿತ್ತು.

"ಸೋರ್ಬೇಕು ಕಣಯ್ಯ," ಎನ್ನುತ್ತಿದ್ದರು. "ಈಗಿನವ್ರು ಒಬ್ಬೊಬ್ಬರನ್ನೂ ಒಂದೊಂದು ಡಬ್ಬೀಲಿ ಕೂರಿಸಿ ನುಡಿಸ್ತಾರೆ. ಅದೇನು ಸಂಗೀತಾನಾ, ಟಿಫನ್ ಕ್ಯಾರಿಯರ್ರಾ?"

ಇನ್ನೊಂದು ಮಾತು: "ಮೊದಲನೇ ಟೇಕೇ ಟೇಕು. ಎರಡನೇದು ಮೊದಲನೇದರ ನಕಲು."

ಎಷ್ಟೋ ವರ್ಷಗಳ ಮೇಲೆ ಬೇರೆಡೆ ಓದಿದೆ: ಆ ಕಾಲದವರೂ ಬ್ಲೇಡಿನಿಂದ ಟೇಪು ಕತ್ತರಿಸಿ, ಒಂದು ಟೇಕಿನ ತಲೆಗೆ ಇನ್ನೊಂದರ ಬಾಲ ಅಂಟಿಸುತ್ತಿದ್ದರು. ಬ್ಲೇಡಿನ ವಿಷಯ ಅವರು ನನಗೆ ಯಾವತ್ತೂ ಹೇಳಲಿಲ್ಲ. ಗೊತ್ತಿರಲಿಲ್ಲವೋ, ಗೊತ್ತಿದ್ದೂ ಬೇಡವೆನಿಸಿತ್ತೋ... ಈಗ ನಾನು ಮಾಡುತ್ತಿರುವುದೂ ಅದೇ. ಹಲವು ಸಂಜೆಗಳ ಮಾತನ್ನು ಒಂದು ಸಂಜೆಯದೆಂಬಂತೆ ಬರೆದಿದ್ದೇನೆ, ಅಂಟಿಸಿದ ಜಾಗ ಈಗ ನನಗೇ ಕಾಣುತ್ತಿಲ್ಲ.

ಸಂಜೆ ಅಕ್ಕ ಅಡುಗೆಮನೆಯಲ್ಲಿ ಹಾಡಿಕೊಳ್ಳುತ್ತಿದ್ದರೆ ಅವರು ಹಾಲ್‌ನಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತಿರುತ್ತಿದ್ದರು. ನಾನು ಬಾಗಿಲಲ್ಲಿ ನಿಂತರೆ ಅಕ್ಕ ಕಣ್ಣಲ್ಲೇ ಗಂಡನನ್ನು ತೋರಿಸುತ್ತಿದ್ದರು. "ಕರೀಬೇಡಿ. ಇವರಿಗೆ ಸತ್ತವರ ಸಂಗೀತ ಮಾತ್ರ ಆಗ್ತದೆ. ನಾನು ಬದುಕಿದ್ದೇನಲ್ಲ, ಹಾಗಾಗಿ ನನ್ನದು ಆಗುವುದಿಲ್ಲ."

ಆಮೇಲೆ ಅಕ್ಕನ ಕತ್ತಿನಲ್ಲಿ ಗಂಟು ಕಾಣಿಸಿತು. ಥೈರಾಯ್ಡಿನದು, ಅಪಾಯದ್ದಲ್ಲ, ಆದರೆ ತೆಗೆಯಲೇಬೇಕು. ಗಂಟಿಗೆ ತಾಗಿಕೊಂಡೇ ದನಿಯ ನರ ಇದೆ; ಮಾತಿಗೆ ತೊಂದರೆಯಾಗಲಿಕ್ಕಿಲ್ಲ, ಹಾಡಿನ ಬಗ್ಗೆ ಏನೂ ಹೇಳಲಾರೆ ಎಂದರಂತೆ ಡಾಕ್ಟರು. ಅಕ್ಕ ಇದನ್ನು ನನಗೆ ಹೇಳಿದ್ದು ಚಹಾ ಸೋಸುತ್ತ, ಹಾಲು ಕೆಟ್ಟಿದೆ ಎಂದು ಹೇಳುವ ಹಾಗೆ. ಸಾರ್ ಅಂದು ಹೆಡ್‌ಫೋನ್ ಹಾಕಿರಲಿಲ್ಲ.

ಆಪರೇಷನ್ನಿಗೆ ಮೊದಲು ಅವಳ ಹಾಡೊಂದನ್ನು ರೆಕಾರ್ಡ್ ಮಾಡಬೇಕು ಎಂದರು. ಊರಿಗೆ ಹೊರಟ ಇಂಗ್ಲಿಷಿನವರೊಬ್ಬರಿಂದ ಕೊಂಡಿದ್ದ ದೊಡ್ಡ ಸ್ಪೂಲ್ ಟೇಪ್ ರೆಕಾರ್ಡರ್ ಒಂದು ಮನೆಯಲ್ಲಿತ್ತು. ಅಲ್ಲಿಯವರೆಗೆ ಅದು ನೋಡುವುದಕ್ಕಷ್ಟೇ ಇದ್ದ ವಸ್ತು.

ಒಂದು ಶುಕ್ರವಾರ ಬೆಳಿಗ್ಗೆ, ರಸ್ತೆಯಲ್ಲಿ ಕಾರುಗಳು ಕಡಿಮೆ ಇರುವ ಹೊತ್ತಿನಲ್ಲಿ, ಕೆಲಸ ಶುರುವಾಯಿತು. ಗುಂಯ್ ಎನ್ನುವ ಎಸಿ ನಿಲ್ಲಿಸಿದರು. ಫ್ರಿಜ್ ನಿಲ್ಲಿಸಿದರು, ಮತ್ತೆ ಹಾಕುವುದನ್ನು ಮರೆಯಬಾರದೆಂದು ಕಾರಿನ ಕೀಯನ್ನು ಅದರೊಳಗೆ ಮೊಸರಿನ ಪಕ್ಕ ಇಟ್ಟರು. ಶ್ರುತಿಪೆಟ್ಟಿಗೆಗೆ ದಿಂಬು ಹೊದಿಸಿದರು. ಆಮೇಲೆ ಕೋಣೆಯ ಮೂಲೆಮೂಲೆಗೆ ಹೋಗಿ ಚಪ್ಪಾಳೆ ತಟ್ಟಿ, ಕಿವಿಗೊಟ್ಟು, ಸೋಫಾ ಎಳೆದು, ಮತ್ತೆ ಚಪ್ಪಾಳೆ ತಟ್ಟಿ...

"ನರಕಾಸುರನನ್ನು ಓಡಿಸುವ ಹಾಗೆ ಮಾಡ್ತಿದ್ದಾರೆ," ಎಂದರು ಅಕ್ಕ.

ಮೈಕು ಒಂದೇ. ಅಕ್ಕನನ್ನು ಅದರಿಂದ ಎರಡು ಹೆಜ್ಜೆ ದೂರ ಕೂರಿಸಿದರು. ನನ್ನ ಕಷ್ಟ ಶುರುವಾಯಿತು.

"ತಬಲಾ ಜಾಸ್ತಿ ಆಯ್ತು. ಹಿಂದೆ ಹೋಗಯ್ಯ."

ಹೋದೆ.

"ಇನ್ನೂ ಹಿಂದೆ."

"ಸಾರ್, ಹಿಂದೆ ಗೋಡೆ."

"ಹಾಗಾದ್ರೆ ಅಡುಗೆಮನೆ."

ಅಕ್ಕನಿಗೆ ನಗು ತಡೆಯಲಾಗಲಿಲ್ಲ. "ನನ್ನ ಅಡುಗೆಮನೆಗೆ ಒಬ್ಬ ಗಂಡಸು ಹೋಗುವುದು ಇದೇ ಮೊದಲು. ಹೋದವರು ನಾಲ್ಕು ಪಾತ್ರೆ ತೊಳೆದಿಡಿ ಮಾರಾಯ್ರೆ."

ಅಡುಗೆಮನೆಯ ಬಾಗಿಲನ್ನು ಅವರು ಕೊಂಚ ತೆರೆದರು, ಕೊಂಚ ಮುಚ್ಚಿದರು, ಕೊನೆಗೊಂದು ಜಾಗದಲ್ಲಿ ಚಪ್ಪಲಿ ಅಡ್ಡ ಕೊಟ್ಟು ನಿಲ್ಲಿಸಿದರು. ನಾನು ಗ್ಯಾಸ್ ಒಲೆಯ ಎದುರು ನೆಲದ ಮೇಲೆ ಕೂತು ನುಡಿಸಿದೆ. ಸೆಕೆ ಏರುತ್ತಿತ್ತು, ಬೆರಳು ಜಾರುತ್ತಿತ್ತು. ಚರಣದಲ್ಲಿ ಅಕ್ಕನ ದನಿ ಮೇಲಿನ ಷಡ್ಜಕ್ಕೆ ಹೋಗಿ, ಎಂದೂ ನಿಲ್ಲದಷ್ಟು ಹೊತ್ತು ಅಲ್ಲಿ ನಿಂತಿತು. ಅವರು ಕಣ್ಣು ಮುಚ್ಚಿದ್ದರು, ಒಂದು ಕೈ ಕತ್ತಿನ ಮೇಲಿತ್ತು, ಹಣೆಯ ಬೆವರು ಹುಬ್ಬಿನವರೆಗೆ ಇಳಿದಿತ್ತು.

ಇದು ನನಗೆ ಸ್ಪಷ್ಟವಾಗಿ ನೆನಪಿದೆ. ಆದರೆ ನಾನು ಅಡುಗೆಮನೆಯಲ್ಲಿದ್ದೆ. ನನಗೆ ಕಾಣುತ್ತಿದ್ದುದು ಒಲೆ, ಮಿಕ್ಸಿ, ಒಗ್ಗರಣೆ ಡಬ್ಬಿ. ಅಕ್ಕನ ಮುಖವನ್ನು ನಾನು ಯಾವಾಗ ಸೇರಿಸಿಕೊಂಡೆನೋ...

ಹಾಡು ಮುಗಿದ ಮೇಲೆ "ಆಯ್ತಾ?" ಎಂದು ಅಕ್ಕ ಕೇಳಿದ್ದು, "ಆಯ್ತು" ಎಂದು ಅವರು ಹೇಳಿದ್ದು ಮಾತ್ರ ನಿಜ. ಎರಡನೇ ಸಲ ಹಾಡಿಸಲಿಲ್ಲ.

ಆಪರೇಷನ್ ಸಲೀಸಾಗಿ ಆಯಿತು. ಮಾತು ಕೆಲವು ವಾರಗಳಲ್ಲಿ ಮರಳಿತು, ಸ್ವಲ್ಪ ಒಡೆದ, ತಗ್ಗಿನ ಮಾತು. ಮೇಲಿನ ಸ್ವರಗಳು ಬರಲಿಲ್ಲ. ತಿಂಗಳುಗಟ್ಟಲೆ ಆ ಮನೆಯಲ್ಲಿ ಯಾರೂ ಹಾಡಲಿಲ್ಲ, ನನ್ನ ತಬಲಾ ಮಂಚದ ಅಡಿ ಸೇರಿತು. ಆ ರೆಕಾರ್ಡನ್ನು ಮನೆಯಲ್ಲಿ ಹಾಕಕೂಡದು ಎಂದು ಅಕ್ಕ ಹೇಳಿಬಿಟ್ಟಿದ್ದರು. ಸಾರ್ ಅದನ್ನು ಸೀಡಿಗೆ ಇಳಿಸಿಕೊಂಡು ಕೆಳಗೆ ನಮ್ಮ ಮನೆಗೆ ಬರತೊಡಗಿದರು. ಒಂದೊಂದು ಸದ್ದಿಗೂ ತಕರಾರು ತೆಗೆಯುತ್ತಿದ್ದ ಮನುಷ್ಯ ನನ್ನ ಕಂಪ್ಯೂಟರಿನ ಅಗ್ಗದ ಸ್ಪೀಕರುಗಳ ಮುಂದೆ ಮೊಣಕೈ ಊರಿ ಕೂತಿರುತ್ತಿದ್ದರು. ಮೇಲಿನ ಷಡ್ಜ ಬಂದಾಗ ನನ್ನ ಕಡೆ ನೋಡುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ. ಮುಗಿದ ಮೇಲೆ ಸೀಡಿಯನ್ನು ಜೇಬಿಗೆ ಹಾಕಿಕೊಂಡು ಮೆಟ್ಟಿಲು ಹತ್ತುತ್ತಿದ್ದರು.

ಒಂದು ಸಂಜೆ ಊಟಕ್ಕೆ ಕರೆಯಲು ಅಕ್ಕ ಕೆಳಗೆ ಬಂದರು. ನಾವು ಬಾಗಿಲು ಹಾಕಿರಲಿಲ್ಲ. ಹಾಡು ನಡೆದಿತ್ತು. ಅಕ್ಕ ಹೊಸ್ತಿಲಲ್ಲೇ ನಿಂತು ಪೂರ್ತಿ ಕೇಳಿದರು.

"ಯಾರು ಹಾಡುವುದು?"

"ನೀನೇ ಕಣೆ," ಎಂದರು ಸಾರ್, ಏಳುತ್ತ.

"ನಾನು ಇಲ್ಲಿದ್ದೇನೆ." ಅಕ್ಕನ ದನಿ ಏರಲಿಲ್ಲ, ಏರುವಂತೆಯೂ ಇರಲಿಲ್ಲ. "ನಿಮಗೆ ಸತ್ತವರ ಸಂಗೀತ ಮಾತ್ರ ಆಗುವುದು ಅಂತ ತಮಾಷೆಗೆ ಹೇಳ್ತಿದ್ದೆ. ಈಗ ನನ್ನನ್ನೂ ಆ ಸಾಲಿಗೆ ಸೇರಿಸಿದ್ರಲ್ಲ."

ಸಾರ್ ಸೀಡಿಯನ್ನು ಹೊರತೆಗೆಯಲು ಯಾವುದೋ ಬಟನ್ ಒತ್ತಿದರು, ಅದು ಬರಲಿಲ್ಲ. ನಾನು ಸಹಾಯಕ್ಕೆ ಹೋಗಲಿಲ್ಲ.

"ಇನ್ನೊಂದು ಸಲ ಹಾಡ್ತೇನೆ," ಎಂದರು ಅಕ್ಕ. "ಅದೇ ಹಾಡು. ಟೇಪು ಹಾಕಿ."

"ಗಂಟಲು ಇನ್ನೂ ಸ್ವಲ್ಪ ಸುಧಾರಿಸ್ಲಿ..."

"ಸುಧಾರಿಸಿದ್ದೇ ಇದು."

ಎರಡನೇ ಟೇಕು ನಕಲು ಎಂದು ಸಾರೇ ನೂರು ಸಲ ಹೇಳಿದ್ದರು. ಈಗ ಆ ಒಡೆದ ದನಿಗೆ ಆ ಮನೆಯಲ್ಲಿ ಜಾಗವಿದೆಯೇ ಇಲ್ಲವೇ ಎಂಬುದು ಅವರ ಕೈಯಲ್ಲಿತ್ತು, ಅದು ಅಲ್ಲಿದ್ದ ಮೂವರಿಗೂ ಗೊತ್ತಿತ್ತು. ಮುಂದಿನ ಶುಕ್ರವಾರ ಬೆಳಿಗ್ಗೆ ಬಾ ಎಂದು ಅವರು ನನಗೆ ಹೇಳಿದರು. ಅಕ್ಕನ ಕಡೆ ನೋಡಲಿಲ್ಲ.

ಅಕ್ಕನ ಶ್ರುತಿ ಬಹಳ ಕೆಳಗೆ ಬಂದಿತ್ತು. ನನ್ನ ತಬಲಾ ಅಷ್ಟು ಕೆಳಗೆ ಇಳಿಯುವುದಿಲ್ಲವಾದ್ದರಿಂದ ಮನಾಮದ ಗುಜರಾತಿ ಗೆಳೆಯರೊಬ್ಬರಿಂದ ದೊಡ್ಡ ಬಾಯಿಯದೊಂದನ್ನು ಎರವಲು ತಂದೆ. ಎಸಿ ನಿಂತಿತು, ಫ್ರಿಜ್ ನಿಂತಿತು. ಈ ಸಲ ಅವರು ಚಪ್ಪಾಳೆ ತಟ್ಟಲಿಲ್ಲ. ಅಕ್ಕ ಒಂದು ಸಾಲು ಹಾಡಿದರು, ಸಾರ್ ಮೈಕನ್ನು ಹತ್ತಿರ ತಂದರು. ಇನ್ನೊಂದು ಸಾಲು, ಇನ್ನೂ ಹತ್ತಿರ. ಕೊನೆಗೆ ಮೈಕು ಅಕ್ಕನ ಬಾಯಿಂದ ಒಂದು ಗೇಣು ದೂರದಲ್ಲಿ ನಿಂತಿತು. ಅಷ್ಟು ಹತ್ತಿರ ತಂದರೂ ಆ ಮೆಲ್ಲನೆಯ ದನಿಯ ಮುಂದೆ ಮೈಕಿಗೆ ಅಡುಗೆಮನೆಯ ತಬಲಾ ಗುಡುಗಿನ ಹಾಗೆ ಬೀಳುತ್ತಿತ್ತು. ಎಲ್ಲಿಗೆ ಹೋಗಲಿ ಎಂದು ನಾನು ಕೇಳುವ ಮೊದಲೇ ಅವರು ಮುಂಬಾಗಿಲು ತೆರೆದರು.

ಹೀಗೆ ನಾನು ಕಟ್ಟಡದ ಮೆಟ್ಟಿಲ ಮೇಲೆ ಕೂತೆ, ಬಾಗಿಲಿನಿಂದ ಅರ್ಧ ಮಹಡಿ ಕೆಳಗೆ. ಅಲ್ಲಿ ಎಸಿಯ ಮಾತೇ ಇಲ್ಲ, ಒಲೆಯೊಳಗಿದ್ದ ಹಾಗೆ. ಕಟ್ಟಡದ ಕಾವಲುಗಾರ, ನಾವೆಲ್ಲ ನಾತೂರ್ ಎನ್ನುತ್ತಿದ್ದವನು, ಬಕೆಟ್ ಹಿಡಿದು ಮೇಲೆ ಬಂದವನು ನಿಂತುಬಿಟ್ಟ. "ಕ್ಯಾ ಭಾಯ್, ಘರ್‌ಸೇ ನಿಕಾಲ್ ದಿಯಾ?"

ಹಾಡು ನನಗೆ ಕೇಳಿಸುತ್ತಿರಲಿಲ್ಲ. ಸಾರ್ ಬಾಗಿಲಿನ ಸಂದಿನಲ್ಲಿ ನನಗೆ ಬೆನ್ನು ಹಾಕಿ ನಿಂತು, ಒಂದು ಕೈಯನ್ನು ಹಿಂದಕ್ಕೆ ಚಾಚಿ ತೊಡೆಯ ಪಕ್ಕದಲ್ಲಿ ತಾಳ ಹಾಕುತ್ತಿದ್ದರು. ಒಳಗಿನ ಹಾಡಿಗೂ ಹೊರಗಿನ ತಬಲಾಕ್ಕೂ ಇದ್ದ ಸಂಬಂಧ ಆ ಕೈ ಒಂದೇ. ನಾನು ಆ ಬೆರಳುಗಳನ್ನೇ ನೋಡುತ್ತ ನುಡಿಸಿದೆ. ಪಲ್ಲವಿ ಇರಬೇಕು, ಆಮೇಲೆ ಒಂದು ಚರಣ ಇರಬೇಕು...

ನಡುವೆ ಒಂದು ಕಡೆ ಕೈ ನಿಂತಿತು. ಬೆರಳುಗಳು ಅರ್ಧ ಮಡಚಿ ಹಾಗೆಯೇ ಉಳಿದವು. ಮೊದಲು ಹಾಡು ನಿಂತಿತೇನೋ ಎಂದುಕೊಂಡೆ. ಆದರೆ ಅವರು ಅಲುಗಾಡಲಿಲ್ಲ, ತಿರುಗಲಿಲ್ಲ. ಅವರ ತಲೆ ನಿಧಾನವಾಗಿ ಬಾಗಿಲಿನ ಚೌಕಟ್ಟಿಗೆ ಒರಗಿತು. ಅವರು ಕೇಳುತ್ತಿದ್ದರು. ನಾನು ಊಹೆಯ ಮೇಲೆ ನುಡಿಸುತ್ತಲೇ ಹೋದೆ, ತಾಳ ಎಲ್ಲೋ, ನಾನೆಲ್ಲೋ. ಎಷ್ಟು ಹೊತ್ತೆಂದು ಹೇಳಲಾರೆ. ನಾತೂರ್ ಬಕೆಟ್ಟನ್ನು ಸದ್ದಾಗದಂತೆ ಕೆಳಗಿಟ್ಟದ್ದು ನೆನಪಿದೆ. ಆಮೇಲೆ ಸಾರ್ ತಿರುಗಿ ನೋಡಿ, ನನ್ನನ್ನು ಕಂಡು, ನಾನು ಅಲ್ಲಿದ್ದೇನೆಂಬುದೇ ಮರೆತಿದ್ದವರ ಹಾಗೆ, "ಆಯ್ತು, ಬಾರಯ್ಯ" ಎಂದರು.

ಆ ರೆಕಾರ್ಡನ್ನು ನಾನು ಕೇಳಲೇ ಇಲ್ಲ. ಅದನ್ನು ಅವರು ಕೆಳಗೆ ತರಲಿಲ್ಲ. ಹಳೆಯ ಸೀಡಿಯೂ ಆಮೇಲೆ ಬರಲಿಲ್ಲ. ಸಂಜೆ ಹೊತ್ತು ಮೇಲಿನಿಂದ ತಗ್ಗಿನ ದನಿಯೊಂದು ಕೇಳಿಸತೊಡಗಿತು, ಅಷ್ಟೇ.

ಕೆಲವು ವರ್ಷಗಳ ಮೇಲೆ ಅವರು ಮೈಸೂರಿಗೆ ಮರಳಿದರು. ಅವರು ಮರಳು ತುಂಬಿಸಿದ ಕಡೆ ಈಗ ಗಾಜಿನ ಕಟ್ಟಡಗಳಿವೆ. ಇಲ್ಲಿ ನೀರಿತ್ತು ಎಂದರೆ ನನ್ನ ಮಗಳು ನಂಬುವುದಿಲ್ಲ. ಅವರು ತೀರಿಕೊಂಡ ಸುದ್ದಿ ನನಗೆ ತಡವಾಗಿ, ಯಾರದೋ ಫೋನಿನಲ್ಲಿ, ಬೇರೆ ಮಾತಿನ ನಡುವೆ ಬಂದಿತ್ತು. ಅಕ್ಕನಿಗೆ ಏನು ಹೇಳಬೇಕೆಂದು ತಿಳಿಯದೆ ಸುಮ್ಮನಿದ್ದುಬಿಟ್ಟಿದ್ದೆ.

ಎಸಿ ಕೆಟ್ಟ ಆ ಸಂಜೆ ಮೈಸೂರಿಗೆ ಫೋನ್ ಮಾಡಿದೆ. ಅಕ್ಕ ಗುರುತು ಹಿಡಿದರು. ಮಗಳ ಶಾಲೆ, ಸನದ್‌ನ ಬಾಡಿಗೆ, ಎಲ್ಲ ವಿಚಾರಿಸಿದರು. ಆಮೇಲೆ ತಾವಾಗಿಯೇ ಹೇಳಿದರು: "ಮೊನ್ನೆ ಆ ದೊಡ್ಡ ಟೇಪಿಗೆ ಕರೆಂಟು ಕೊಟ್ಟೆ. ಅದರೊಳಗೆ ಎರಡನೆಯ ಸಲ ಹಾಡಿದ್ದೇ ಇತ್ತು ಮಾರಾಯ್ರೆ. ಮೊದಲಿನದ್ದು ಅವರ ಆ ಗೋಡೆಯ ರೆಕಾರ್ಡುಗಳ ಒಟ್ಟಿಗೆ ಉಂಟು."

"ಕೇಳಿದ್ರಾ ಅಕ್ಕ?"

"ಕೇಳಿದೆ. ಲಿಫ್ಟಿನ ಬಾಗಿಲು ಕೂಡ ಕೇಳ್ತದೆ. ನಿಮ್ಮ ತಬಲಾ ಎಲ್ಲಿಯೂ ಇಲ್ಲ."

ಇಬ್ಬರೂ ನಕ್ಕೆವು. ನಗುವಿನ ಧೈರ್ಯದಲ್ಲಿ ನಾನು ಹೇಳಿದೆ, ಅದು ಇಲ್ಲದ್ದೇ ಒಳ್ಳೆಯದಾಯಿತು, ಅಂದು ನಡುವಿನಲ್ಲಿ ಸಾರ್ ತಾಳ ಹಾಕುವುದನ್ನೇ ಮರೆತು ಬಾಗಿಲಿಗೆ ಒರಗಿ ನಿಂತುಬಿಟ್ಟಿದ್ದರು, ನಾನು ದಿಕ್ಕು ತಪ್ಪಿದ್ದೆ ಎಂದು. ಅಕ್ಕ ಹಾಡುವಾಗ ಬಾಗಿಲಿಗೆ ಬೆನ್ನು ಹಾಕಿ ಮೈಕಿನ ಕಡೆ ತಿರುಗಿದ್ದರು. ಇದು ಅವರಿಗೆ ಗೊತ್ತಿರಲಿಲ್ಲ.

ಆ ತಗ್ಗಿನ ದನಿ ಕೇಳಿತು: "ಹಾಡಿನ ಯಾವ ಸಾಲಿಗೆ?"

ನಾನು ನೆನಪಿಸಿಕೊಳ್ಳಲು ನೋಡಿದೆ. ಏನಾದರೊಂದು ಹೇಳಬಹುದಿತ್ತು, ಯಾವ ಸಾಲಾದರೂ ಆಗುತ್ತಿತ್ತು. ಆದರೆ ನಾನಿದ್ದ ಕಡೆಗೆ ಹಾಡು ಬರುತ್ತಿರಲಿಲ್ಲ.

"ಗೊತ್ತಿಲ್ಲ ಅಕ್ಕ," ಎಂದೆ. "ಅದು ಸಾರ್‌ಗೆ ಮಾತ್ರ ಗೊತ್ತಿತ್ತು."